ಹಗ್ಗದಾಚೆಯ ಜೋಳ

ಕುಡುಗೋಲು ನನ್ನ ಕತ್ತಿನಿಂದ ಒಂದು ಗೇಣು ದೂರದಲ್ಲಿತ್ತು.

ಹಿಡಿದವಳು ಒಬ್ಬ ಅಜ್ಜಿ. ಬಾಯಲ್ಲಿ ಹಲ್ಲಿರಲಿಲ್ಲ. ಕುಡುಗೋಲಿಗೆ ಇದ್ದವು!

"ಇನ್ನೊಂದು ಹೆಜ್ಜೆ ಇಡು, ನೋಡ್ತೀನಿ..."

"ಅಜ್ಜಿ, ನಾನು ಆಫೀಸಿನವಳು."

"ಆಫೀಸಿನೋರು ಹಗ್ಗದ ಒಳಗೆ ನೋಡ್ಕೊಂಡು ಹೋಗ್ತಾರೆ. ಹೊರಗೆ ಇಣುಕೋಕೆ ನೀನ್ಯಾರೇ? ಕಳ್ಳಿ!"

ಎರಡೂ ಕೈ ಮೇಲೆತ್ತಿದೆ. ನನ್ನ ಕೆಲಸದಲ್ಲಿ ಇದು ಮಾಮೂಲು.

ಏನು ಕೆಲಸ ಅಂತೀರಾ? ಕೃಷಿ ನೀತಿ ಸಂಶೋಧನಾ ಸಂಸ್ಥೆಯಲ್ಲಿ ಮರುತನಿಖೆ. ದೇಶದಲ್ಲಿ ಎಷ್ಟು ಬೆಳೆ ಬರುತ್ತದೆ, ಅದು ಎಷ್ಟು ಹೊಟ್ಟೆಗೆ ಸಾಕು ಅಂತ ನಮ್ಮವರು ಅಂದಾಜು ಹಾಕುತ್ತಾರೆ. ಆ ಅಂದಾಜು ನಿಜವೇ ಅಂತ ನಾನು ಹೋಗಿ ನೋಡುತ್ತೇನೆ. ಆಫೀಸಿನಲ್ಲಿ ನನಗೆ ಗೂಬೆ ಅಂತ ಹೆಸರು. ಯಾರ ಮೇಜಿನ ಎದುರು ಹೋಗಿ ಕೂತರೂ ಅವರ ಪ್ರಮೋಷನ್ ಢಮಾರ್!

ಈ ವರ್ಷ ನಮ್ಮ ವರದಿಯಲ್ಲಿ ಜೋಳ ಉಕ್ಕಿ ಹರಿದಿತ್ತು. ಅದನ್ನು ನಂಬಿ ಮಂತ್ರಿಗಳು ಅಂದೇ ಮಧ್ಯಾಹ್ನ ಒಂದು ಸಹಿ ಹಾಕುವವರಿದ್ದರು. ಕಷ್ಟಕಾಲಕ್ಕೆಂದು ಕೂಡಿಟ್ಟ ಉಗ್ರಾಣದ ಧಾನ್ಯವನ್ನೆಲ್ಲ ಹಡಗಿಗೆ ತುಂಬಿ ಹೊರದೇಶಕ್ಕೆ ಮಾರುವುದು. ವರದಿ ಸರಿಯಿದ್ದರೆ ಸಂತೋಷ. ತಪ್ಪಿದ್ದರೆ... ಬೇಸಿಗೆಯಲ್ಲಿ ರೇಷನ್ ಅಂಗಡಿಗಳಲ್ಲಿ ತಕ್ಕಡಿ ಮಾತ್ರ ಇರುತ್ತದೆ.

ನಾನು ದಾರಿಯುದ್ದಕ್ಕೂ ನೋಡಿದ ಹೊಲಗಳು ಸೊರಗಿದ್ದವು. ವರದಿಯ ಹೊಲಗಳು ಮಾತ್ರ ಎಲ್ಲಿದ್ದವೋ!

ಈಗ ಗೊತ್ತಾಯಿತು. ಅಜ್ಜಿಯ ಹೊಲದ ನಡುವೆ ನಾಲ್ಕು ಗೂಟ. ಸುತ್ತ ಕೆಂಪು ಹಗ್ಗ. ಅದು ನಮ್ಮವರು ಗುರುತು ಮಾಡಿದ ಚೌಕ. ಹೊಲದಲ್ಲಿ ಒಂದು ಚೌಕ ಆರಿಸಿ, ಅದರೊಳಗಿನ ತೆನೆಗಳನ್ನು ಎಣಿಸಿ, ಅಳೆದು, ಇಡೀ ದೇಶಕ್ಕೆ ಗುಣಿಸುವುದು ನಮ್ಮ ಪದ್ಧತಿ.

ಹಗ್ಗದ ಒಳಗಿನ ಜೋಳ ಗರಡಿಮನೆಯ ಪೈಲ್ವಾನರ ಹಾಗೆ ಎದೆಯುಬ್ಬಿಸಿ ನಿಂತಿತ್ತು. ಹೊರಗಿನದು ಜ್ವರದಿಂದ ಎದ್ದವರ ಹಾಗೆ ಒಂದಕ್ಕೊಂದು ಒರಗಿಕೊಂಡಿತ್ತು. ಒಳಗೆ ಮಣ್ಣು ಒದ್ದೆ. ಹೊರಗೆ ಬಿರುಕು.

"ಅಜ್ಜಿ, ಒಳಗೆ ಯಾಕೆ ಇಷ್ಟು ಚೆನ್ನಾಗಿದೆ?"

"ನಮ್ಮ ಹೊಲ ಎಲ್ಲಾ ಹಾಗೇ ಇರೋದು!"

"ಮತ್ತೆ ಇದು?"

"ಅದು... ಅದರ ಕಡೆ ನೋಡಬೇಡ ಅಂದ್ನಲ್ಲ!"

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಕುಡುಗೋಲು ಇಳಿಸಿದಳು. ಅಷ್ಟೇ ಸಾಕಿತ್ತು. ಒಳಗಿನಿಂದ ಒಂದು ದಂಟು ಕಿತ್ತೆ. ಹೊರಗಿನಿಂದ ಒಂದು ಹಿಡಿ ಕಿತ್ತೆ. ಓಡಿದೆ!

"ಅಯ್ಯೋ, ಹೊರಗಿಂದು ಕಿತ್ಕೊಂಡು ಹೋದ್ಲು! ಮಾನ ಹೋಯ್ತು! ಲೋ ಮಗನೇ, ತೆಗೆಯೋ ಟ್ರ್ಯಾಕ್ಟರ್!"

ಸ್ಕೂಟರ್ ಹತ್ತಿದೆ. ಹಿಂದಿನಿಂದ ಟ್ರ್ಯಾಕ್ಟರ್ ಗುಡುಗಿತು.

ಪತ್ತೇದಾರಿ ಕತೆಗಳಲ್ಲಿ ಇಂಥ ಹೊತ್ತಿಗೆ ಗಾಡಿ ಗಾಳಿಯಲ್ಲಿ ಹಾರುತ್ತದೆ. ನನ್ನದು ಆಫೀಸಿನ ಸ್ಕೂಟರ್. ಏರಿನಲ್ಲಿ ಕಾಲೂರಿ ತಳ್ಳಬೇಕು. ಟ್ರ್ಯಾಕ್ಟರ್ ನನ್ನ ಪಕ್ಕಕ್ಕೇ ಬಂದಿತು. ಮಗ ಕಿವಿ ಕೆಂಪು ಮಾಡಿಕೊಂಡು ಓಡಿಸುತ್ತಿದ್ದ.

"ಬೇಜಾರ್ ಮಾಡ್ಕೋಬೇಡಿ ಮೇಡಂ! ಅಮ್ಮ ಹೇಳಿದ್ರೆ ನಾನೇನ್ ಮಾಡ್ಲಿ!"

"ಮಾತಾಡಬೇಡ ಅವಳ ಜೊತೆ! ಗುದ್ದು!" ಅಂದಳು ಅಜ್ಜಿ.

"ಗುದ್ದಿದ್ರೆ ಕೇಸಾಗುತ್ತಮ್ಮ!"

"ಮೆತ್ತಗೆ ಗುದ್ದು!"

ಮುಂದೆ ರೈಲ್ವೆ ಗೇಟ್. ಬಿದ್ದಿತ್ತು.

ನಾನು ನಿಂತೆ. ಟ್ರ್ಯಾಕ್ಟರೂ ನಿಂತಿತು. ನಡುವೆ ಒಂದು ಹಾಲಿನ ವ್ಯಾನು. ರೈಲು ಬರುವ ತನಕ ಅಜ್ಜಿ ನನ್ನ ವಂಶದ ಏಳು ತಲೆಮಾರಿನ ವಿಚಾರ ಹಾಲಿನವನಿಗೆ ತಿಳಿಸಿದಳು. ಅವನು ನನ್ನ ಕಡೆ ತಿರುಗಿ, "ಅಷ್ಟೆಲ್ಲಾ ಬೈಸ್ಕೊಂಡು ನಾಲ್ಕು ದಂಟು ಜೋಳಾನಾ? ವಾಪಸ್ ಕೊಟ್ಬಿಡಿ ಅಕ್ಕಾ" ಅಂದ.

"ಕೊಡಲ್ಲ!"

ಗೇಟ್ ಎದ್ದಿತು. ಮತ್ತೆ ಶುರು!

ಮೀಟಿಂಗ್ ಹಾಲ್‌ಗೆ ನುಗ್ಗಿದಾಗ ಮಂತ್ರಿಗಳ ಕೈಯಲ್ಲಿ ಪೆನ್ನಿತ್ತು. ಪಕ್ಕದಲ್ಲಿ ನಮ್ಮ ಡೈರೆಕ್ಟರ್. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕಿನಲ್ಲಿ ಅವರ ಗ್ರಾಫ್. ಗೆರೆ ಸೀಲಿಂಗ್ ಮುಟ್ಟಿತ್ತು.

"ಸಹಿ ಹಾಕಬೇಡಿ ಸಾರ್!"

ಡೈರೆಕ್ಟರ್ ಮುಖ ಸಿಂಡರಿಸಿಕೊಂಡರು. "ಬಂತು ಗೂಬೆ."

ಎರಡೂ ಕಡೆಯ ಜೋಳವನ್ನು ಮೇಜಿನ ಮೇಲೆ ಎಸೆದೆ. "ಇದು ಹಗ್ಗದ ಒಳಗಿಂದು. ಇದು ಹೊರಗಿಂದು. ಒಂದೇ ಹೊಲ, ಒಂದೇ ಬೀಜ! ಗೂಟ ಯಾವಾಗ ಹೊಡೆಸಿದ್ರಿ ಸಾರ್?"

"ಬಿತ್ತನೆಯ ದಿನವೇ. ಒಂದೇ ಓಡಾಟದಲ್ಲಿ ಎಲ್ಲಾ ಊರೂ ಮುಗೀತು. ಎಫಿಷಿಯೆನ್ಸಿ ಅಂದ್ರೆ ಅದು!"

"ಅಳೆಯೋ ದಿನ, ಹೊಲಕ್ಕೆ ಹೋದ ಮೇಲೆ, ಚೀಟಿ ಎತ್ತಿ ಚೌಕ ಆರಿಸಬೇಕಿತ್ತು. ಯಾವುದನ್ನ ಅಳೀತಾರೆ ಅಂತ ಯಾರಿಗೂ ಮೊದಲೇ ಗೊತ್ತಿರಬಾರದು!"

"ಗೊತ್ತಾದ್ರೇನು? ಜೋಳಕ್ಕೆ ಗೊತ್ತಾಗುತ್ತಾ?" ಡೈರೆಕ್ಟರ್ ನಕ್ಕರು. ಮಂತ್ರಿಗಳೂ ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು. "ಸಾರ್, ದಾರೀಲಿ ಎಲ್ಲೋ ಕಿತ್ಕೊಂಡು ಬಂದ ನಾಲ್ಕು ದಂಟು. ಇದಕ್ಕೆ ಸಾಕ್ಷಿ ಯಾರು?"

ಸಾಕ್ಷಿ ಇರಲಿಲ್ಲ. ಪೆನ್ನು ಕಾಗದ ಮುಟ್ಟಿತು.

ಬಾಗಿಲು ಧಡ್ ಎಂದಿತು!

ಅಜ್ಜಿ. ಹಿಂದೆ ಬೆವರುತ್ತಿದ್ದ ಮಗ. ಅವರ ಹಿಂದೆ, ವಶಪಡಿಸಿಕೊಂಡ ಕುಡುಗೋಲು ಹಿಡಿದು ಏದುಸಿರು ಬಿಡುತ್ತಿದ್ದ ಗಾರ್ಡ್.

"ಯಾರಿಲ್ಲಿ ದೊಡ್ಡೋರು?" ಅಜ್ಜಿ ಕೇಳಿದಳು. ಎಲ್ಲರೂ ಮಂತ್ರಿಗಳನ್ನು ನೋಡಿದರು. ಅಜ್ಜಿ ನೆಟ್ಟಗೆ ಅವರ ಹತ್ತಿರ ಹೋಗಿ ಮೇಜಿನ ಮೇಲಿದ್ದ ಬಡಕಲು ತೆನೆಗಳನ್ನು ಸೆರಗಿನಲ್ಲಿ ಮುಚ್ಚಿದಳು. "ಇದನ್ನ ನೋಡಬೇಡಿ ಸ್ವಾಮಿ. ಇದು ನಿಮಗೆ ತೋರಿಸೋಕೆ ಬೆಳೆದಿದ್ದಲ್ಲ."

"ಮತ್ತೆ ಯಾವುದಮ್ಮಾ ತೋರಿಸೋಕೆ ಬೆಳೆದಿದ್ದು?"

"ಹಗ್ಗದೊಳಗಿಂದು! ಹೆತ್ತ ಮಗನಿಗೂ ಅಷ್ಟು ನೀರು ಎರೆದಿಲ್ಲ ನಾನು. ದಿನಾ ಬಾವಿಯಿಂದ ಕೊಡ ಹೊತ್ತು ಹಾಕಿದ್ದೀನಿ. ಇದ್ದ ಗೊಬ್ಬರ ಎಲ್ಲಾ ಅದಕ್ಕೇ. ಸೊಸೆ ಕೂತ್ಕೊಂಡು ಒಂದೊಂದೇ ಹುಳ ಆರಿಸಿದ್ದಾಳೆ, ಅವಳ ತಲೆಯಲ್ಲಿ ಹೇನು ನೋಡ್ಕೊಳ್ಳೋಕೆ ಪುರುಸೊತ್ತಿಲ್ಲ!"

ಡೈರೆಕ್ಟರ್ ಕೆಮ್ಮಿದರು. "ಯಾಕಮ್ಮಾ ಹಾಗೆ ಮಾಡಿದ್ರಿ?"

"ಯಾಕೆ ಅಂದ್ರೆ? ನೀವೇ ಗೂಟ ಹೊಡೆದು, ಇದನ್ನ ನೋಡೋಕೆ ಬರ್ತೀವಿ ಅಂದ್ರಿ. ನೆಂಟರು ಬರ್ತಾರೆ ಅಂದ್ಮೇಲೆ ನಡುಮನೆ ಗುಡಿಸಲ್ವಾ?"

ಯಾರೂ ನಗಲಿಲ್ಲ.

"ಪಕ್ಕದೂರಲ್ಲಿ ನನ್ನ ತಂಗಿ ಇದ್ದಾಳೆ," ಅಜ್ಜಿ ದನಿ ತಗ್ಗಿಸಿದಳು. "ಅವಳ ಚೌಕಕ್ಕೆ ಬಿಸಿಲು ಬೀಳದ ಹಾಗೆ ಹಳೇ ಸೀರೆ ಕಟ್ಟಿದ್ದಾಳೆ. ಆದ್ರೂ ನನ್ನಷ್ಟು ಬಂದಿಲ್ಲ. ಹೊಟ್ಟೆಕಿಚ್ಚಿನವಳು!"

ಮಂತ್ರಿಗಳು ಪೆನ್ನನ್ನು ಕೆಳಗಿಟ್ಟರು. ಅಜ್ಜಿಯ ಸೆರಗಿನಡಿಯಿಂದ ಒಂದು ಸಣ್ಣ ತೆನೆ ಎಳೆದುಕೊಂಡರು. ಉಜ್ಜಿದರು. ಅಂಗೈಯಲ್ಲಿ ಹೊಟ್ಟು ಹೆಚ್ಚು, ಕಾಳು ಕಡಿಮೆ.

"ಈ ಹೊರಗಿನ ಜೋಳ ಮನೆಗೆ ಎಲ್ಲಿ ತನಕ ಬರುತ್ತಮ್ಮಾ?"

"ಬೇಸಿಗೆ ಕಾಲಿಡೋ ತನಕ ಎಳೆಯುತ್ತೆ."

"ಆಮೇಲೆ?"

ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಆಮೇಲೆ ಏನು? ನಿಮ್ಮ ಉಗ್ರಾಣ ಇದೆಯಲ್ಲ. ರೇಷನ್ ಅಂಗಡಿಗೆ ಬರುತ್ತೆ. ನೀವಿದ್ದೀರಿ ಅನ್ನೋ ಧೈರ್ಯದ ಮೇಲೆ ತಾನೇ ಗೊಬ್ಬರ ಎಲ್ಲಾ ಚೌಕಕ್ಕೆ ಸುರಿದಿದ್ದು?"



ಮಂತ್ರಿಗಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಹಡಗು ಖಾಲಿ ಹೋಗಲಿ. ಒಂದು ಮೂಟೆಯೂ ಅಲ್ಲಾಡಬಾರದು." ಡೈರೆಕ್ಟರ್ ಗೋಡೆಯ ಮೇಲಿನ ಗ್ರಾಫನ್ನು ತಾವೇ ಎದ್ದು ಆರಿಸಿದರು.

"ಹಾಗಾದ್ರೆ ಫಸ್ಟ್ ಬಂದಿದ್ದು ಯಾರು?" ಅಜ್ಜಿ ಕೇಳಿದಳು.

"ಯಾರೂ ಇಲ್ಲ ಅಜ್ಜಿ. ಎಲ್ಲಾ ಚೌಕವೂ ರದ್ದು," ಅಂದೆ.

ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ಗಾರ್ಡ್ ಕುಡುಗೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಮಗ ಅವಳ ರಟ್ಟೆ ಹಿಡಿದು ಮೆಲ್ಲಗೆ ಹೊರಗೆ ಕರೆದೊಯ್ದ.

"ಹೊಸದಾಗಿ ಅಳೀಬೇಕು," ಅಂದರು ಮಂತ್ರಿಗಳು. "ಎಲ್ಲಾ ಊರಿಗೂ ಹೋಗಿ, ನಿಮ್ಮ ಚೌಕ ಲೆಕ್ಕಕ್ಕಿಲ್ಲ, ಹೊರಗಿನ ಜೋಳ ತೋರಿಸಿ ಅಂತ ಆ ಹೆಂಗಸರಿಗೆ ಹೇಳೋರು ಯಾರು?"

ಹಾಲ್‌ನಲ್ಲಿದ್ದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಡೈರೆಕ್ಟರ್ ಅಂದು ಮೊದಲ ಬಾರಿಗೆ ಮನಸಾರೆ ನಕ್ಕರು.

ಪಕ್ಕದ ಕುರ್ಚಿಯಲ್ಲಿ ನಮ್ಮ ಅಂಕಿಅಂಶದವನಿದ್ದ. ಎರಡಕ್ಕೆ ಎರಡು ಕೂಡಿಸಲೂ ಕ್ಯಾಲ್ಕುಲೇಟರ್ ಹುಡುಕುವ ಆಸಾಮಿ.

"ನಾನು ಇಡಿಯಾಗಿ ವಾಪಸ್ ಬರೋ ಚಾನ್ಸ್ ಎಷ್ಟಿದೆ?" ಪಿಸುಗುಟ್ಟಿದೆ.

ಅವನು ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲ!