ಹದಿನೇಳನೇ ವಾಕ್ಯ

"ಸಂಘದವರು ನಮ್ಮಿಬ್ಬರನ್ನ ಜೋಡಿ ಮಾಡ್ಯಾರ್ರಿ."

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಎದುರಿಗೆ ಬಂದು ನಿಂತ ಅಪರಿಚಿತ ಹುಡುಗಿ ಹೀಗೆಂದಾಗ ಸಮಾಧಾನನಿಗೆ ಚಹಾ ನೆತ್ತಿಗೇರಿತು. ಪಕ್ಕದ ಬೆಂಚಿನಲ್ಲಿದ್ದ ಮುದುಕ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಛಲೋ ಆತು ಬಿಡವಾ," ಎಂದು ಬೀಡಿ ಹೊತ್ತಿಸಿದ.

ಹುಡುಗಿಗೆ ತಾನಾಡಿದ್ದು ಆಗ ಹೊಳೆಯಿತು. ಕಿವಿಯ ತುದಿ ಕೆಂಪಾಯಿತು. "ಅಂದ್ರ... ಅನುವಾದಕ್ಕರಿ. ಪತ್ರದಾಗ ಹಂಗ ಬರದಾರ."

"ಗೊತ್ತೈತ್ರಿ. ನನಗೂ ಬಂದೈತಿ ಪತ್ರ."

"ನಾ ನೀಲಮ. ನಿಮ್ಮ ಹೆಸರು ಖರೇನೂ ಸಮಾಧಾನ ಏನ್ರಿ?"

"ಹೌದ್ರಿ."

"ಹೆಸರ ಹೇಳಿದ್ರ ಸಾಕು, ಪೇಶಂಟಿಗೆ ಅರ್ಧ ಆರಾಮ."

ಎರಡು ಸಾವಿರದ ಹನ್ನೊಂದರ ನವೆಂಬರ್ ಅದು. ನೀಲಮ ರಾಯಬಾಗದವಳು, ಧಾರವಾಡದಲ್ಲಿ ಮನೋವಿಜ್ಞಾನದ ಎಂ.ಎ. ಓದುತ್ತಿದ್ದಳು. ನಿಪ್ಪಾಣಿಯ ಸಮಾಧಾನ ಅದನ್ನೇ ಕೊಲ್ಲಾಪುರದಲ್ಲಿ ಓದುತ್ತಿದ್ದ. ದೇಶದ ಮನೋವಿಜ್ಞಾನ ವಿದ್ಯಾರ್ಥಿಗಳೇ ಸೇರಿ ಕಟ್ಟಿಕೊಂಡ ಸಂಘವೊಂದಿತ್ತು. ಸಂಶೋಧನೆಗೆ ಸಣ್ಣ ನೆರವು, ದಾರಿ ಹೇಳಲು ಒಬ್ಬ ಹಿರಿಯ ವಿದ್ಯಾರ್ಥಿ, ವರ್ಷಕ್ಕೊಮ್ಮೆ ಸಮಾವೇಶದಲ್ಲಿ ಪ್ರಬಂಧ ಓದುವ ಅವಕಾಶ: ಇಂಥದ್ದನ್ನೆಲ್ಲ ಅದು ಕೊಡುತ್ತಿತ್ತು. ಒಬ್ಬರಿಂದ ಆಗದ ಕೆಲಸಕ್ಕೆ ಇನ್ನೊಬ್ಬರನ್ನು ಹುಡುಕಿ ಜೋಡಿ ಮಾಡುವುದೂ ಅದರದೇ ಕೆಲಸ.

ನೀಲಮಳದು ಅಂಥ ಕೆಲಸ. ಒಂಟಿತನವನ್ನು ಅಳೆಯುವ ಇಂಗ್ಲಿಷಿನ ನಲವತ್ತು ವಾಕ್ಯಗಳನ್ನು ಅವಳು ಈ ಭಾಗದ ಹೆಂಗಸರ ಮಾತಿಗೆ ತರುತ್ತಿದ್ದಳು. ಮೂಲವನ್ನು ನೋಡಿರದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಬೇಕು. ಎರಡೂ ಇಂಗ್ಲಿಷು ಹೊಂದದ ಕಡೆ ಕನ್ನಡ ಜಾರಿದೆ ಎಂದರ್ಥ. ಅಲ್ಲಿ ತಿದ್ದಬೇಕು.

"ಇಂಗ್ಲಿಷ್ ನೀವು ನೋಡಂಗಿಲ್ಲ, ನಾ ತೋರಸಂಗಿಲ್ಲ," ಎಂದು ನೀಲಮ ಸಂಘದ ಹಾಳೆಯನ್ನು ಮುಂದೆ ಸರಿಸಿದಳು. ಮೂಲ ನೋಡುವುದಿಲ್ಲ ಎಂಬ ಒಪ್ಪಿಗೆಯ ಕೆಳಗೆ ಇಬ್ಬರೂ ಸಹಿ ಮಾಡಿದರು. ಅವಳ ಸಹಿಯ ಬಾಲ ಅವನ ಹೆಸರಿಗೆ ತಾಗಿತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ನೋಡದವರಂತೆ ಇದ್ದರು.

ಭಾನುವಾರಕ್ಕೆ ಹತ್ತು ವಾಕ್ಯ ಎಂದು ನಿಗದಿಯಾಯಿತು. ಅವನು ಬರೆದು ತಂದದ್ದನ್ನು ಅವಳು ನೀಲಿ ಫೈಲಿನ ಮರೆಯಲ್ಲಿ ಮೂಲದೊಂದಿಗೆ ಹೋಲಿಸುವಳು. ಅವನು ಕತ್ತೆತ್ತಿದರೆ ಫೈಲು ಇನ್ನಷ್ಟು ಮೇಲೇರುವುದು, ಅದರ ಅಂಚಿನ ಮೇಲೆ ಕಣ್ಣೆರಡು ಮಾತ್ರ ಉಳಿಯುವುವು.

"ಹಂಗ್ಯಾಕ ನೋಡತೀರಿ? ಕದಿಯಾಕ ಬಂದೀರೇನು?"

"ಇಂಗ್ಲಿಷ್ ಅಲ್ರಿ, ನಾ ನೋಡಿದ್ದು."

ಅವಳು ಫೈಲಿನ ಹಿಂದೆ ನಕ್ಕಿದ್ದು ಕಣ್ಣಲ್ಲಿ ಕಂಡಿತು.

ಆದರೆ ಮೊದಲ ಹತ್ತರಲ್ಲಿ ಆರು ಹೊಂದಲಿಲ್ಲ. ನೀಲಮಳ ಮುಖ ಸಣ್ಣದಾಯಿತು.

"ನನಗ ನಮ್ಮ ಮಾತೂ ಬರಂಗಿಲ್ಲೇನ್ರಿ? ಸಮಾವೇಶ ಫೆಬ್ರವರಿಗೈತಿ. ಅಲ್ಲಿ ಓದಿದ್ರ ಪಿಎಚ್‌ಡಿಗೆ ಯಾರರೆ ತಗೋತಾರ. ಇಲ್ಲಂದ್ರ ಮೇದಾಗ ಲಗ್ನ ಮಾಡತೇನಿ ಅಂತ ಅಪ್ಪ ಕುಂತಾನ."

ಆ ಸಣ್ಣದಾದ ಮುಖ ವಾರವಿಡೀ ಕೊಲ್ಲಾಪುರದಲ್ಲಿ ಅವನ ಪುಸ್ತಕಗಳ ಮೇಲೆ ಕುಳಿತಿತ್ತು.

ಶನಿವಾರ ನಿಪ್ಪಾಣಿಯ ಸೈಬರ್ ಕೆಫೆಯಲ್ಲಿ ಒಂಟಿತನದ ಅಳತೆ ಎಂಬರ್ಥದ ಎರಡು ಇಂಗ್ಲಿಷ್ ಪದ ಟೈಪು ಮಾಡಿದ. ಮೂಲದ ನಲವತ್ತೂ ವಾಕ್ಯಗಳು ತೆರೆದುಕೊಂಡವು. ಒಂದೇ ಒಂದು ನೋಡುತ್ತೇನೆ ಎಂದುಕೊಂಡ.

ಹದಿನೇಳನೆಯದರ ಹತ್ತಿರ ಪೆನ್ನು ನಿಂತಿತು. ನೀಲಮ ಬರೆದಿದ್ದಳು: 'ನನ್ನ ಮಾತು ಕೇಳೋರು ಯಾರರೆ ಅದಾರ.' ಅವನ ತಾಯಿ ಸುಂದರಾಬಾಯಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಈ ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ಲ ಅಂತ. ಹೇಳಿದಂತೆ ಮಾಡುವುದಿಲ್ಲ ಎಂಬುದೇ ಅದರ ಅರ್ಥ. ಪರದೆಯ ಮೇಲಿದ್ದ ಇಂಗ್ಲಿಷ್ ವಾಕ್ಯ ಬೇರೆ. ಪಕ್ಕದಲ್ಲಿ ಕೂತು ಮನಸ್ಸಿನ ಮಾತಿಗೆ ಕಿವಿಗೊಡುವವರ ಬಗ್ಗೆ ಅದು. ಕನ್ನಡ ಜಾರಿತ್ತು. ಅದನ್ನು ತೋರಿಸಿಕೊಡಲೆಂದೇ ಅವನಿದ್ದ.

ಅವನು ಪರದೆಯ ಮೇಲಿದ್ದುದನ್ನೇ ಬರೆದ, ಕಳವು ಕಾಣದಂತೆ ಅಲ್ಲೊಂದು ಇಲ್ಲೊಂದು ಪದ ಬದಲಿಸಿ.

ಮರುದಿನ ಹತ್ತಕ್ಕೆ ಹತ್ತೂ ಹೊಂದಿದವು. ನೀಲಮ ಫೈಲು ಕೆಳಗಿಟ್ಟಳು. "ನನ್ನ ಮನಸ್ಸಿನಾಗ ಹೊಕ್ಕು ಬರದೀರಿ ನೋಡ್ರಿ!" ಎಂದು ಅವನ ಮಣಿಕಟ್ಟನ್ನು ಎರಡು ಬೆರಳಿಂದ ಒತ್ತಿದಳು. ಒಂದು ಕ್ಷಣ, ಅಷ್ಟೇ. ಉಳಿದ ಇಪ್ಪತ್ತನ್ನೂ ಅವನು ಆ ಎರಡು ಬೆರಳಿಗಾಗಿ ಕದ್ದ.

ಜನವರಿಯಲ್ಲಿ ಅವಳು ರಾಯಬಾಗ, ಕಾಗವಾಡ, ತೆಲಸಂಗ ಎಂದು ಮನೆಮನೆ ತಿರುಗಿದಳು. ಹೋದಲ್ಲಿಂದೆಲ್ಲ ಫೋನು. "ಕಾಗವಾಡದಾಗ ಚೀಲ ತುಂಬ ದ್ರಾಕ್ಷಿ ಕೊಟ್ಟಾರ್ರಿ. ಭಾನುವಾರ ಮಟಾ ಉಳದ್ರ ನಿಮಗ." ಉಳಿಯುತ್ತಿರಲಿಲ್ಲ. ಬರಿಯ ಗೊಂಚಲಿನ ಕಡ್ಡಿ ತಂದು ಅವನ ಮುಂದಿಟ್ಟು ನಗುವಳು.

ತಿಂಗಳ ಕೊನೆಯ ಭಾನುವಾರ ಅವಳು ನಗಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ.

"ತೆಲಸಂಗದಾಗ ಕಸ್ತೂರೆವ್ವ ಅಂತ ಒಬ್ಬಾಕಿ. ನಿನ್ನ ಮಾತು ಕೇಳೋರು ಯಾರರೆ ಅದಾರೇನಬೇ ಅಂದೆ. 'ನನ್ನ ಎಮ್ಮಿ ಒಂದ ನೋಡವಾ, ಹೋಗಂದ್ರ ಹೊಕ್ಕೈತಿ, ನಿಲ್ಲಂದ್ರ ನಿಲ್ತೈತಿ' ಅಂದ್ಲು. ನಾನೂ ನಕ್ಕೆ. ಬಸ್ಸಿನಾಗ ಕುಂತ ಮ್ಯಾಲೆ ಎದಿ ಧಸಕ್ ಅಂತು."

ಸಮಾಧಾನ ಚಹಾದ ಲೋಟ ಕೆಳಗಿಟ್ಟ.

"ಎಲ್ಲಾ ಹಾಳಿ ತಗದು ನೋಡಿದೆ. ರಾಯಬಾಗದಾಗ ಒಬ್ಬ ಅತ್ತಿ. ಮನಿಮಂದಿ ಆಕಿಗೆ ಹೆದರಿ ಮಾತ್ನಾಡಂಗಿಲ್ಲ, ಬಾಜೂಕ ಕುಂದ್ರಂಗಿಲ್ಲ. ಆಕಿ 'ಹೌದು, ಎಲ್ಲಾರೂ ಕೇಳತಾರ' ಅಂದಾಳ. ಆಕಿ ಒಂಟಿ ಅಲ್ಲಂತ ನಾ ಬರ್ಕೊಂಡೀನಿ." ಅವಳ ದನಿ ಇಳಿಯಿತು. "ನನಗ ಹೊಳೀಲಿಲ್ಲ, ಖರೆ. ನಾ ಇಂಗ್ಲಿಷ್ ಓದಿ ಬರದಾಕಿ. ನೀವು ಬರೇ ಕನ್ನಡ ಓದಿದವರು. ನಿಮಗ ಹ್ಯಾಂಗ ಇಂಗ್ಲಿಷಿನ ಅರ್ಥಾನ ಹೊಳೀತು?"

ಬೆಳಗಾವಿಯ ಬಸ್ಸು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಹೋಯಿತು.

"ನೋಡಿದೆ," ಎಂದ ಅವನು.

"ಯಾಕ?"

"ನೀವು ನಗಲಿ ಅಂತ."

"ನಾ ನಗಲಿ ಅಂತ ಜೋಡಿ ಮಾಡಿದ್ದಿಲ್ರಿ ಅವರು. ನನ್ನ ತಪ್ಪು ಹಿಡೀಲಿ ಅಂತ ಮಾಡಿದ್ರು." ಅವಳು ಫೈಲು ಎತ್ತಿಕೊಂಡಳು. "ನೂರಾ ಅರವತ್ತು ಹೆಣ್ಮಕ್ಕಳು. ಕೆಲಸ ಬಿಟ್ಟು ನನ್ನ ಮುಂದ ಕುಂತು ಮನಸ್ಸು ಬಿಚ್ಚಿದ್ರು."

ಅಂದೇ ಅವನು ಸಂಘಕ್ಕೆ ಪತ್ರ ಬರೆದ. ಮೂಲ ನೋಡಿದ್ದು ತಾನು, ನೀಲಮಳಿಗೆ ಗೊತ್ತಿರಲಿಲ್ಲ ಎಂದ. ಬದುಕಿನಲ್ಲಿ ಅವನು ಬರೆದ ಮೊದಲ ನಿವೇದನೆ ಅದು. ಅದರಲ್ಲಿ ಪ್ರೀತಿಯ ಹೆಸರಿರಲಿಲ್ಲ.

ಇಪ್ಪತ್ತು ದಿನಕ್ಕೆ ಉತ್ತರ ಬಂತು, ನೀಲಮ ಅದರ ಜೆರಾಕ್ಸ್ ಹಿಡಿದು ಚಿಕ್ಕೋಡಿಗೆ ಬಂದಳು. ಅವನ ಸದಸ್ಯತ್ವ ರದ್ದಾಗಿತ್ತು. ಅವಳದೇನೂ ತಪ್ಪಿಲ್ಲ, ನೆರವು ಮುಂದುವರಿಯುತ್ತದೆ, ಮುಂದಿನ ವರ್ಷದ ಸಮಾವೇಶದಲ್ಲಿ ಓದಬಹುದು ಎಂದಿತ್ತು. ಕೊನೆಯ ಸಾಲು: 'ನಿಮ್ಮ ಜೋಡಿಯನ್ನು ಬದಲಾಯಿಸಲಾಗಿದೆ.'

"ಇದನ್ನ ತೋರಿಸಿ ಅಪ್ಪನ ಕಡೆ ಒಂದು ವರ್ಷ ಬೇಡಿ ಇಸ್ಕೊಂಡೀನಿ," ಎಂದಳು.

"ಛಲೋ ಆತ್ರಿ." ಅವನು ಲೋಟವನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ನೀಲಮ, ನಾ ನಿಮಗ ಒಂದ ಹೇಳಬೇಕಿತ್ತು..."

"ಗೊತ್ತೈತಿ. ಹೇಳಬ್ಯಾಡ್ರಿ." ಕಣ್ಣು ತುಂಬಿದ್ದವು, ಮರೆಮಾಡಲು ಫೈಲು ಇರಲಿಲ್ಲ. "ಕೇಳಬೇಕಂತ ನನಗೂ ಭಾಳ ಇತ್ತು. ಆದ್ರ ಈಗ ನೀವು ಹೇಳೂದು ಖರೇನೋ, ನಾ ನಗಲಿ ಅಂತ ಹೇಳೂದೋ, ನನಗ ಹ್ಯಾಂಗ ತಿಳೀಬೇಕು?"

ರಾಯಬಾಗದ ಬಸ್ಸಿನ ಕಂಡಕ್ಟರ್ ಕೂಗತೊಡಗಿದ. ಅವಳು ಎದ್ದಳು.

"ನಂದೊಂದು ಮಾತು ಕೇಳ್ರಿ."

"ಹೇಳ್ರಿ."

"ಇನ್ನ ಫೋನ್ ಮಾಡಬ್ಯಾಡ್ರಿ."

ಎರಡು ವರ್ಷದ ನಂತರ ಸಂಘದ ವಾರ್ಷಿಕ ಸಂಚಿಕೆ ಕೊಲ್ಲಾಪುರದ ಗ್ರಂಥಾಲಯದಲ್ಲಿ ಅವನ ಕೈಗೆ ಸಿಕ್ಕಿತು. ನೀಲಮಳ ಪ್ರಬಂಧವಿತ್ತು, ಜೊತೆಗೆ ಅವನಿಗೆ ಪರಿಚಯವಿಲ್ಲದ ಒಂದು ಹೆಸರು. ಹದಿನೇಳನೆಯದು ಬದಲಾಗಿತ್ತು: 'ನನ್ನ ಮನಸ್ಸಿನಾಗಿಂದು ಹೇಳಿಕೊಂಡ್ರ, ಬಾಜೂಕ ಕೂತು ಕೇಳೋರು ಒಬ್ಬರರೆ ಅದಾರ.'

ಪ್ರತಿ ವಾಕ್ಯದ ಮುಂದೆ 'ಹೌದು', 'ಇಲ್ಲ' ಎಂದು ಎರಡು ಮನೆಗಳಿದ್ದವು. ಅವನು ಪೆನ್ಸಿಲಿನಿಂದ 'ಇಲ್ಲ' ಎಂಬಲ್ಲಿ ಸಣ್ಣ ಗುರುತು ಹಾಕಿ, ಮತ್ತೆ ಅಳಿಸಿದ.

ಹಳೆಯ ವಾಕ್ಯವೇ ಉಳಿದಿದ್ದರೆ ನೀಲಮ 'ಹೌದು' ಎನ್ನಬಹುದಿತ್ತು. ಅವಳ ಮಾತು ಕೇಳುವವನು ನಿಪ್ಪಾಣಿಯಲ್ಲಿ ಒಬ್ಬನಿದ್ದ. ಎರಡು ವರ್ಷ, ಒಂದು ಸಲವೂ ಫೋನು ಮಾಡಿರಲಿಲ್ಲ.