ಎರಡು ಕಣ್ಣಿಗೆ ಎರಡು ಸೀರೆ

"ನಾ ಅವತ್ತ ಹೇಳಿದ್ನೋ ಇಲ್ಲೋ? ಎಡಕಿನ ಗುರುತು ನೆಟ್ಟಗೈತಿ, ಬಲಕಿಂದು ವಾರಿ ಆಗೇತಿ ಅಂತ! ಏನಂದಿ ನೀ? 'ಬಾಯಿ ಮುಚಗೊಂಡು ನಿಂದ್ರು' ಅಂದಿ!"

ರಾಜಶ್ರೀ ಸ್ಲೈಡ್ ನೋಡುವ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಏ, ಮೆಲ್ಲಕ! ನಮ್ಮ ಅಜ್ಜನ ಕಾಲದ್ದದ ಅದು," ಎಂದು ನಂದಕಿಶೋರ ಕೈ ಅಡ್ಡ ಹಿಡಿದ.

"ನೋಡ್, ಈಗೂ ಡಬ್ಬೀದ ಚಿಂತಿ!"

ಜಮಖಂಡಿಯ ಅವನ ಸ್ಟುಡಿಯೊದಲ್ಲಿ ಮಧ್ಯಾಹ್ನದ ಸೆಕೆ. ಅಜ್ಜನ ಸ್ಟೀರಿಯೊ ಕ್ಯಾಮೆರಾಕ್ಕೆ ಎರಡು ಲೆನ್ಸು. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಡಬ್ಬಿಯಲ್ಲಿಟ್ಟು ನೋಡಿದರೆ ಮನುಷ್ಯ ಎದುರಿಗೇ ನಿಂತಂತೆ. ಆದರೆ ಲೆನ್ಸಿನೊಳಗಿಂದ ನೋಡಿ ತೆಗೆಯುವ ಕ್ಯಾಮೆರಾ ಅಲ್ಲ ಅದು. ಹೊಳಪು ಕಡಿಯುವ ಪೋಲರೈಸರ್ ಫಿಲ್ಟರನ್ನು ಮೊದಲು ಕಣ್ಣಿಗೆ ಹಿಡಿದು ಹೊಳಪು ಅಡಗುವತನಕ ತಿರುಗಿಸಬೇಕು, ಅಂಚಿನ ಬಿಳಿ ಗುರುತು ಎಲ್ಲಿ ನಿಂತಿತೋ ಎರಡೂ ಲೆನ್ಸಿನ ಫಿಲ್ಟರುಗಳನ್ನು ಅಲ್ಲಿಗೇ ಕೂಡಿಸಬೇಕು. ಕೂದಲೆಳೆ ತಪ್ಪಿದರೆ ನಡೆದೀತು. ಇವನದು ಗೇಣು ತಪ್ಪಿತ್ತು.

ಅವತ್ತು ಕೃಷ್ಣಾ ದಂಡೆಯಲ್ಲಿ ಅವನು ಫಿಲ್ಟರ್ ಕಣ್ಣಿಗಿಟ್ಟು ತಿರುಗಿಸುತ್ತಿದ್ದಾಗ ಅವಳು ನಕ್ಕಿದ್ದಳು.

"ಏನ್ ಕಾಣಸ್ತದ್ರೀ ಸಾಹೇಬ್ರ?"

"ನೀರಾಗಿನ ಮೀನ."

"ಮತ್ತ ನಾ?"

"ನೀ ಇದಿಲ್ಲದನೂ ಕಾಣಸ್ತಿ."

ಅವಳ ಕಿವಿ ಕೆಂಪಾಗಿತ್ತು. ರಬಕವಿಯ ಮಗ್ಗದಲ್ಲಿ ತಾನೇ ನೇಯ್ದ ರೇಷ್ಮೆ ಸೀರೆ ಉಟ್ಟಿದ್ದಳು. ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದೂ ಅಲ್ಲೇ. "ಫೋಟೊ ತೊಳದು ಬರ್ಲಿ, ಹೇಳತೇನಿ" ಎಂದಿದ್ದಳು. ಆಮೇಲೆ ಗುರುತಿನ ಮಾತೆತ್ತಿದಳು. ಬಟ್ಟೆ ಒಗೆಯುವ ಹತ್ತು ಮಂದಿಯ ಎದುರು ಅವನು ಗದರಿದ.

ಮುಂಬೈಗೆ ಹೋದ ಫಿಲ್ಮು ನಲವತ್ತು ದಿನಕ್ಕೆ ಬಂತು. ಎಡಗಣ್ಣಿಗೆ ಸೀರೆ ಮಂಕು, ಬಲಗಣ್ಣಿಗೆ ಥಳಥಳ. ಎರಡೂ ಕೂಡಿದರೆ ಕಣ್ಣು ನೋಯಿಸುವ ಮಿಣಿಮಿಣಿ. ನಡುವೆ ಅವಳ ಮುಖ.

"ಸೀರಿ ಭಾಳ ಹೊಳೀತದ, ಅದಕ್ಕ…" ಎಂದ ನಂದಕಿಶೋರ.

"ಸೀರಿ ಮ್ಯಾಲ ಹಾಕಬ್ಯಾಡ!"

"ಆತು, ತಪ್ಪಾತು! ಐತವಾರ ಮತ್ತ ಹೋಗೂಣು. ಗುರುತು ನೀನ ನೋಡು, ನಾ ತಿರುವತೇನಿ. ಆತಿಲ್ಲೋ?"

ರಾಜಶ್ರೀ ಅವನನ್ನೇ ನೋಡಿದಳು. ಸಿಟ್ಟು ಇಳಿದು ಕಣ್ಣು ತುಂಬಿತ್ತು. "ಫಿಲ್ಟರಿಗೆ ತಪ್ಪಾತು ಅಂದಿ. ನನಗ?"

ಅವತ್ತು ಅವಳು ಏನು ಉತ್ತರ ಕೊಡುತ್ತಾಳೋ ಎಂಬ ಹೆದರಿಕೆಯಲ್ಲೇ ಅವನು ಗುರುತು ತಪ್ಪಿಸಿದ್ದ. ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಲಾರದೆ ನಲವತ್ತೈದರ ಗಂಡಸು ಡಬ್ಬಿಯ ಗಾಜು ಒರೆಸತೊಡಗಿದ.

"ಅದನ್ನೂ ಅಂದಂಗ ಆತಲ್ಲ!" ಎಂದ, ಒರಟಾಗಿ.

"ಆಗಲಿಲ್ಲ."

ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.

"ನಡಿ, ನಡಿ! ಬಸ್ ಸ್ಟ್ಯಾಂಡ್ ತನಕ ಹೋಗಿ ತಿರುಗಿ ಬರ್ತಿ, ಗೊತ್ತದ ನನಗ!"

ಹಿಂದೆ ಮೂರು ಸಲ ಹಾಗೆಯೇ ಬಂದಿದ್ದಳು. ಬಾಗಿಲು ತೆರೆದಿಟ್ಟೇ ಕೂತ. ರಬಕವಿ-ಬನಹಟ್ಟಿ ಕಡೆಯ ಬಸ್ಸು ಹಾರ್ನ್ ಹೊಡೆದು ಕೆಳಗಿನ ರಸ್ತೆಯಲ್ಲಿ ಹಾದುಹೋಯಿತು. ಕಿಟಕಿಯ ಪಕ್ಕ ಅವಳಿದ್ದಳು, ಮೇಲೆ ನೋಡಲಿಲ್ಲ. ಆ ಐತವಾರ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ.