ನೆರಳುಕಾಲನಿಗೆ ಹತ್ತಕ್ಕೆ ಎರಡು

"ಈ ಕಾರ್ಡ್ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತೆ, ಸ್ವಲ್ಪ ನೋಡಿ ಹೇಳ್ತೀರಾ?"

ಆ ದನಿ ಕೇಳಿದ್ದೇ ತಡ, ಅವಳು ತಟ್ಟನೆ ತಲೆಯೆತ್ತಿದಳು.

ಮುಖ ಹೊಸದು. ದನಿ ಮಾತ್ರ ಹಳೆಯದು! ಹನ್ನೊಂದು ತಿಂಗಳ ಹಿಂದೆ, ಅಣ್ಣ ತೀರಿಕೊಂಡ ನಾಲ್ಕನೇ ದಿನ, ಮುಚ್ಚಿದ ಬಾಗಿಲಿನ ಆಚೆಯಿಂದ ಇದೇ ದನಿ ಕೇಳಿಸಿತ್ತು. "ನಿಮ್ಮಣ್ಣನ ಜೊತೆ ಕೊನೇ ಆಟ ಆಡಿದವನು ನಾನು. ಒಂದು ಮಾತು ಹೇಳ್ಬೇಕಿತ್ತು..."

"ಅಣ್ಣನನ್ನ ಸೋಲಿಸಿದವರ ಮುಖ ನಾವು ನೋಡ್ಬೇಕಾಗಿಲ್ಲ," ಎಂದು ಒಳಗಿನಿಂದಲೇ ಹೇಳಿ ಅವಳು ಚಿಲಕ ಹಾಕಿದ್ದಳು.

ಈಗ ಅವನು ಮೇಜಿನ ಮೇಲಿಟ್ಟ ಕಾರ್ಡ್ ನೋಡಿದಳು. ನೆರಳುಕಾಲ! ಕಾಲಿರಬೇಕಾದ ಜಾಗದಲ್ಲಿ ಬರೀ ನೆರಳಿರುವ ಬಡಕಲು ರಾಕ್ಷಸ.

ಆಟದ ಕಾರ್ಡ್ ಮಾರುವ ಆ ಅಂಗಡಿಯಲ್ಲಿ ಅವಳ ಕೆಲಸವೇ ಅದು. ಆಟಕ್ಕೆ ಹೊಸ ರಾಕ್ಷಸ ಬಂದಾಗಲೆಲ್ಲ, ಸ್ಪರ್ಧೆಯಲ್ಲಿ ಅವನು ಎಷ್ಟು ಕೆಲಸಕ್ಕೆ ಬರುತ್ತಾನೆಂದು ಅಳೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಬರೆಯುವುದು. ಆಟಗಾರರು ಅವಳಿಗಿಟ್ಟ ಹೆಸರು 'ಕತ್ತರಿ'. ಅವಳು ಎರಡು ಅಂಕ ಕೊಟ್ಟಳೆಂದರೆ ಆ ಕಾರ್ಡನ್ನು ಯಾರೂ ಮೂಸಿ ಸಹ ನೋಡುತ್ತಿರಲಿಲ್ಲ.

ನೆರಳುಕಾಲನಿಗೆ ಅವಳು ಕೊಟ್ಟದ್ದು ಎರಡೇ.

ಸತ್ತ ರಾಕ್ಷಸರನ್ನು ಹಾಕುವ ರಾಶಿಗೆ ಈ ಆಟದಲ್ಲಿ ಮಸಣ ಎನ್ನುತ್ತಾರೆ. ನೆರಳುಕಾಲ ಮಸಣದಲ್ಲಿದ್ದರೆ, ಸಾಯಬೇಕಾದ ಇನ್ನೊಬ್ಬ ರಾಕ್ಷಸನನ್ನು ಒಂದು ಸಲ ಉಳಿಸುತ್ತಾನೆ. ಆದರೆ ಮೊದಲು ಅವನು ಸಾಯಬೇಕಲ್ಲ! ಮೇಜಿಗಿಳಿಯಲು ಒಂದು ಸರದಿ, ಸಾಯಲು ಇನ್ನೊಂದು. ಅಷ್ಟರಲ್ಲಿ ಆಟವೇ ಮುಗಿದಿರುತ್ತದೆ ಎಂಬುದು ಅವಳ ವಾದ.

"ಇವನ ಬೆಲೆ ನಿನಗೆ ಗೊತ್ತಿಲ್ಲ ಕಣೇ," ಎಂದು ಅಣ್ಣ ಎಷ್ಟು ಜಗಳವಾಡಿದ್ದ!

"ಇವನನ್ನ ಇಟ್ಕೊಂಡು ಹೋದ್ರೆ ಸೋತು ಬರ್ತೀಯ, ನೋಡ್ತಿರು," ಎಂದು ಅವಳು ನಕ್ಕಿದ್ದಳು.

ಅಣ್ಣ ಅವನನ್ನೇ ಇಟ್ಟುಕೊಂಡು ಸ್ಪರ್ಧೆಗೆ ಹೋದ. ಫಲಿತಾಂಶದ ಪಟ್ಟಿಯಲ್ಲಿ ಅಣ್ಣನ ಹೆಸರಿನ ಮುಂದೆ 'ಸೋಲು' ಎಂದಿತ್ತು. ಅದಾದ ಅರ್ಧ ಗಂಟೆಗೆ, ಸಭಾಂಗಣದ ಮೆಟ್ಟಿಲ ಮೇಲೆ ಕೂತವನು ಏಳಲೇ ಇಲ್ಲ.

ಹುಟ್ಟಿನಿಂದಲೇ ಹೃದಯ ದುರ್ಬಲವಾಗಿತ್ತು ಎಂದರು ವೈದ್ಯರು. ಅಮ್ಮ ಒಪ್ಪಲಿಲ್ಲ. "ಸೋತ ದುಃಖಕ್ಕೇ ಹೋದ ನನ್ನ ಮಗ," ಎಂದು ತಟ್ಟೆಯ ಮುಂದೆ ಕೂತಾಗಲೆಲ್ಲ ಅನ್ನುತ್ತಿದ್ದರು. ಮಗಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಸೋಲುತ್ತೀಯ ಎಂದು ಬಾಯಿಬಿಟ್ಟು ಹೇಳಿದವಳು ತಾನೇ ಎಂದು ಅಮ್ಮನಿಗೆ ಹೇಗೆ ಹೇಳುವುದು?

ಆಗಲೇ ಪಕ್ಕದ ಕೋಣೆಯಲ್ಲಿ ಕಾರ್ಡ್ ಕಲೆಸುವ ಸದ್ದು ಕೇಳುತ್ತಿತ್ತು... ಎದ್ದು ಹೋಗಿ ನೋಡಿದರೆ ಅಣ್ಣನ ಖಾಲಿ ಕುರ್ಚಿ. ಆ ಕುರ್ಚಿಗೆ ಬೆನ್ನು ಹಾಕಿ ಕೂರಲು ಅವಳಿಗೆ ಭಯ.

"ಇದಕ್ಕೆ ಅಂಕ ಕೊಟ್ಟಾಗಿದೆ," ಎಂದಳು ಈಗ, ಕಾರ್ಡನ್ನು ಹಿಂದಕ್ಕೆ ತಳ್ಳಿ. "ಎರಡು. ಹೊರಡಿ."

"ಒಂದ್ಸಲ ಆಡಿ ನೋಡಿ..."

"ಗಾಯದ ಮೇಲೆ ಬರೆ ಎಳೆಯೋಕೆ ಬಂದಿದ್ದೀರಾ? ಗೆದ್ದಿರಲ್ಲ, ಸಾಲದಾ?"

ಅವನು ಕಾರ್ಡ್ ಎತ್ತಿಕೊಂಡು ಹೋದ. ಹೋದವನು ಮುಂದಿನ ಶನಿವಾರ ಮತ್ತೆ ಬಂದ! ಅದರ ಮುಂದಿನ ಶನಿವಾರವೂ ಬಂದ. ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವನಂತೆ. ಅಂಗಡಿಯ ಗೋಡೆ ಗಡಿಯಾರ ಹಿಂದೆ ಬಿದ್ದಿದೆಯೆಂದು ಯಾರೂ ಕೇಳದಿದ್ದರೂ ಎರಡು ಸಲವೂ ಇಳಿಸಿ ಬಿಚ್ಚಿದ.

"ನೋಡಮ್ಮ ಕತ್ತರಿ, ಬಂದ ಗಿರಾಕೀನ ಹೀಗೆ ಓಡಿಸಿದ್ರೆ ನಾನು ನೊಣ ಹೊಡೀತಾ ಕೂರ್ಬೇಕಾಗುತ್ತೆ," ಎಂದು ಅಂಗಡಿಯ ಯಜಮಾನರು ಗೊಣಗಿದರು.

ನಾಲ್ಕನೇ ಶನಿವಾರ ಅವನು ತಡಮಾಡಿದ. 'ಬರದಿದ್ರೆ ಪೀಡೆ ತೊಲಗಿತು,' ಎಂದುಕೊಂಡಳು. ಹಾಗೆಂದುಕೊಳ್ಳುತ್ತಲೇ ಏಳು ಸಲ ಬಾಗಿಲ ಕಡೆ ನೋಡಿದಳು! ಇದಕ್ಕೆ ನೀವು ಏನೇ ಹೆಸರಿಡಿ, ಅವಳ ಮುಂದೆ ಮಾತ್ರ ಹೇಳಬೇಡಿ.

ಕೊನೆಗೂ ಅವನು ಒಳಗೆ ಬಂದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು. "ಕೂತ್ಕೊಳ್ಳಿ. ಒಂದೇ ಆಟ. ಈ ನೆರಳುಕಾಲ ಕೆಲಸಕ್ಕೆ ಬಾರದವನು ಅಂತ ತೋರಿಸ್ತೀನಿ. ಆಮೇಲೆ ಈ ಕಡೆ ತಲೆ ಹಾಕ್ಬೇಡಿ."

ಅವನು ಕಾರ್ಡ್‌ಗಳನ್ನು ಒಂದೊಂದಾಗಿ ಜೋಡಿಸಿದ. "ಆ ದಿನ ಕೊನೇ ಆಟದಲ್ಲಿ ಮೇಜು ಹೀಗೇ ಇತ್ತು. ನೀವು ನಿಮ್ಮಣ್ಣನ ಕಡೆ."

ಅಣ್ಣನಿಗೆ ಉಳಿದಿದ್ದುದು ಒಂದೇ ಜೀವ, ಎದುರು ಕೂತ ಅವನಿಗೆ ಮೂರು. ಅಣ್ಣನ ಕೈಯಲ್ಲಿ ಎರಡೇ ಕಾರ್ಡ್: ಒಂದೇ ಏಟಿಗೆ ಮೂರು ಜೀವ ತೆಗೆಯುವ ಕಲ್ಲುಗೂಳಿ, ಮತ್ತೆ ನೆರಳುಕಾಲ. ಗೂಳಿಯನ್ನು ಕರೆಯಬೇಕಾದರೆ ಕೈಯಲ್ಲಿರುವ ಒಂದು ಕಾರ್ಡನ್ನು ಬಲಿ ಕೊಡಲೇಬೇಕು. ಅವಳು ನೆರಳುಕಾಲನನ್ನು ನೇರವಾಗಿ ಮಸಣಕ್ಕೆಸೆದು ಗೂಳಿಯನ್ನಿಳಿಸಿದಳು.

"ನನ್ನ ಸರದಿ. ಸಿಡಿಲು," ಎಂದು ಅವನು ಒಂದು ಕಾರ್ಡ್ ಎಸೆದ. "ಗೂಳಿ ಸಾಯ್ಬೇಕು."

ಗೂಳಿಯನ್ನು ಎತ್ತಲು ಹೋದ ಅವಳ ಕೈ ಅಲ್ಲೇ ನಿಂತಿತು.

"ತಡೀರಿ..."

ನೆರಳುಕಾಲ ಆಗಲೇ ಮಸಣದಲ್ಲಿದ್ದ! ಒಂದು ಸರದಿಯನ್ನೂ ತಿನ್ನದೆ, ಹೇಗಿದ್ದರೂ ಕೊಡಬೇಕಾಗಿದ್ದ ಬಲಿಯಾಗಿ ಹೋಗಿ ಕೂತಿದ್ದ. ಅವನನ್ನು ಮೇಜಿನ ಮೇಲೆಯೇ ಸಾಯಿಸಬೇಕೆಂದು ಅವಳು ಯಾಕೆ ಅಂದುಕೊಂಡಿದ್ದಳು? ಇಷ್ಟು ವರ್ಷ ಕಾರ್ಡ್ ಅಳೆದವಳಿಗೆ ಇಷ್ಟು ಸಣ್ಣದು ಕಾಣಲಿಲ್ಲವೇ?

"ಗೂಳಿ ಉಳೀತು... ಮುಂದಿನ ಏಟಿಗೆ ನಿಮ್ಮ ಮೂರು ಜೀವಾನೂ ಹೋಯ್ತು..." ಅವಳು ಕಾರ್ಡ್‌ಗಳನ್ನು ಮತ್ತೊಮ್ಮೆ ಎಣಿಸಿದಳು. "ಇಲ್ಲಿಂದ ಅಣ್ಣ ಸೋಲೋಕೆ ಸಾಧ್ಯವೇ ಇಲ್ಲ!"

"ಅವನು ಸೋಲ್ಲಿಲ್ಲ."

"ಪಟ್ಟಿಯಲ್ಲಿ..."

"ಫಲಿತಾಂಶದ ಚೀಟಿ ಬರೆದಿದ್ದು ಅವನೇ. 'ಮುಂದಿನ ಸುತ್ತಿಗೆ ನೀನು ಹೋಗೋ, ನನಗೆ ಸುಸ್ತು. ನನಗೆ ಬೇಕಾಗಿದ್ದು ಇದೊಂದು ಆಟ. ಹೋಗಿ ನನ್ನ ತಂಗಿ ಜಂಬ ಇಳಿಸ್ಬೇಕು' ಅಂದು, ತಾನೇ ಸೋತೆ ಅಂತ ಬರೆದು ಕೊಟ್ಟ. ನಗ್ತಾ ಇದ್ದ."

ನಗುತ್ತಿದ್ದನೇ! ಹನ್ನೊಂದು ತಿಂಗಳು ತಡೆದಿಟ್ಟಿದ್ದ ಅಳು ಒಮ್ಮೆಲೇ ಹೊರಬಂತು.

ಅವನು ಅವಳತ್ತ ನೋಡಲಿಲ್ಲ. "ಪೂರ್ತಿ ಕೇಳಿ. ಅವನ ಮುಖ ಬೆವೆತಿತ್ತು. ನಾನು ನೋಡಿದೆ. ನೋಡಿಯೂ ಮುಂದಿನ ಮೇಜಿಗೆ ಹೋಗಿ ಕೂತೆ. ಮೆಟ್ಟಿಲವರೆಗಾದ್ರೂ ಜೊತೆಗೆ ಹೋಗ್ಬೇಕಿತ್ತು... ಹೋಗ್ಲಿಲ್ಲ. ಅವತ್ತು ನಿಮ್ಮ ಮನೆಗೆ ಬಂದಿದ್ದು ಬೈಸ್ಕೊಳ್ಳೋಕೆ."

ಅವನನ್ನು ದೂರಲು ಈಗ ಅವಳಿಗೆ ನಿಜವಾದ ಕಾರಣವೇ ಸಿಕ್ಕಿತ್ತು. ಆದರೆ ಕೂದಲೆಳೆಯಷ್ಟು ಸಣ್ಣ ತಿರುಪು ಕೂರಿಸುವ ಆ ಕೈ ನೆರಳುಕಾಲನನ್ನು ಎತ್ತಲು ಹೋಗಿ ಎರಡು ಸಲ ಕೆಳಗೆ ಬೀಳಿಸಿತು.

"ನಿಮಗೂ ಕೇಳಿಸುತ್ತಾ?" ಎಂದಳು ಮೆಲ್ಲಗೆ. "ಕಾರ್ಡ್ ಕಲೆಸೋ ಸದ್ದು..."

"ದಿನಾ."

ಅವಳು ಬಿದ್ದ ಕಾರ್ಡನ್ನು ಎತ್ತಿ ಅವನ ಮುಂದಿಟ್ಟಳು.

"ಅಣ್ಣನ ಸುಸ್ತು ನಮಗೆಲ್ಲ ಅಭ್ಯಾಸ ಆಗ್ಬಿಟ್ಟಿತ್ತು," ಎಂದಳು ಅವಳು, ಕಣ್ಣೊರೆಸಿಕೊಂಡು. "ನಾನಿದ್ರೂ 'ಸ್ವಲ್ಪ ನೀರು ಕುಡಿ' ಅಂದು ಸುಮ್ಮನಾಗ್ತಿದ್ದೆ. ನಿಮ್ಮೊಬ್ಬರದೇ ತಪ್ಪು ಅಂತ ಇಟ್ಕೋಬೇಡಿ."

ಅವನ ಕಣ್ಣು ತುಂಬಿತು. "ಇನ್ನೊಂದು ತಪ್ಪೂ ಒಪ್ಕೋತೀನಿ. ಮೊದಲನೇ ಶನಿವಾರ ಇದನ್ನ ಹೇಳೋಕೆ ಬಂದಿದ್ದೆ. ಆಮೇಲಿನ ಶನಿವಾರಗಳು... ನಿಮ್ಮನ್ನ ನೋಡೋಕೆ."

"ಗೊತ್ತಿತ್ತು."

"ಹೇಗೆ?!"

"ಸರಿಯಾಗಿ ನಡೀತಿದ್ದ ಗಡಿಯಾರಾನ ಮತ್ತೆ ಮತ್ತೆ ಬಿಚ್ತಿದ್ರಲ್ಲ!"

ಅವನು ನಾಚಿ ನಕ್ಕ. ಅವಳಿಗೂ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ! ಆಮೇಲೆ ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

"ಅಮ್ಮನಿಗೆ ಇದನ್ನ ಹೇಳ್ಬೇಕು. ನಾನೊಬ್ಬಳೇ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದೀನಿ ಅಂದ್ಕೋತಾರೆ. ನೀವೂ ಬನ್ನಿ."

"ಬಾಗಿಲಲ್ಲಿ ಯಾರು ಅಂತ ಕೇಳಿದ್ರೆ ಏನು ಹೇಳ್ಲಿ?"

"ಅಣ್ಣ ಗೆದ್ದಿದ್ದನ್ನ ಕಣ್ಣಾರೆ ಕಂಡವನು ಅಂತ ಹೇಳಿ."

"ಅಷ್ಟೇನಾ?"

ಅವಳು ಮೊದಲ ಸಲ ಅವನ ಮುಖವನ್ನು ನೆಟ್ಟ ನೋಟದಿಂದ ನೋಡಿದಳು.

"ಅಷ್ಟು ಹೇಳಿದ್ರೆ ಅಮ್ಮ ಒಳಗೆ ಕರೀತಾರೆ. ಮಿಕ್ಕಿದ್ದನ್ನ... ಊಟ ಆದ್ಮೇಲೆ ನಾನೇ ಹೇಳ್ತೀನಿ."